ಗಿರಣಿಗೆ ಎತ್ತರ ತಂದುಕೊಟ್ಟ ಕಾಲುವೆಗಳು

ಕಾಲುವೆ ಎಂದ ಕೂಡಲೇ ನಮಗೆ ನೆನಪಾಗುವುದು ಗದ್ದೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಿರಲಿ, ತುಂಗಭದ್ರೆಯ ಎಡದಂಡೆ ಕಾಲುವೆಯಿರಲಿ, ಅದರ ಕೆಲಸ ನದಿಯ ನೀರನ್ನು ಹೊಲಕ್ಕೆ ಮುಟ್ಟಿಸುವುದು. ಮುಟ್ಟಿದ ನೀರು ಮಣ್ಣಿಗೆ ಇಂಗಿ, ಪೈರಿಗೆ ಸೇರಿ ಮುಗಿಯಿತು. ಆದರೆ ಕಾಲುವೆಗಳಲ್ಲಿ ಇನ್ನೊಂದು ಜಾತಿಯಿದೆ. ಅದು ನದಿಯಿಂದ ಎಷ್ಟು ನೀರು ತೆಗೆದುಕೊಳ್ಳುತ್ತದೋ ಹೆಚ್ಚುಕಡಿಮೆ ಅಷ್ಟನ್ನೂ ಸ್ವಲ್ಪ ಕೆಳಗೆ ಅದೇ ನದಿಗೆ ತಿರುಗಿ ಒಪ್ಪಿಸುತ್ತದೆ. ಒಂದು ಎಕರೆಯೂ ಅದರಿಂದ ನೆನೆಯುವುದಿಲ್ಲ. ಹಾಗಿದ್ದರೂ ರೋಮನ್ನರ ಕಾಲದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಯುರೋಪಿನ, ಆಮೇಲೆ ಅಮೆರಿಕದ ಊರುಗಳು ಇಂಥ ಕಾಲುವೆಗಾಗಿ ಬಂಡೆ ಕಡಿದಿವೆ, ಕೋರ್ಟು ಹತ್ತಿವೆ, ಒಮ್ಮೊಮ್ಮೆ ಹಾರೆ ಕೊಡಲಿ ಹಿಡಿದು ಬೀದಿಗೂ ಇಳಿದಿವೆ. ಇವು ಗಿರಣಿ ಕಾಲುವೆಗಳು. ಹಿಟ್ಟು ಬೀಸುವ, ಮರ ಕೊಯ್ಯುವ, ನೂಲು ತೆಗೆಯುವ ಗಿರಣಿಯ ಚಕ್ರದ ಮೇಲೆ ನೀರು ಸುರಿಯಲೆಂದೇ ಮನುಷ್ಯ ತೋಡಿದ ದಾರಿಗಳು.

ನೀರು ಖರ್ಚಾಗುವುದಿಲ್ಲ ಎಂದಮೇಲೆ ಗಿರಣಿ ಬಳಸುವುದು ಏನನ್ನು? ಎತ್ತರವನ್ನು. ಈ ಒಂದು ಮಾತು ತಲೆಗೆ ಹೋದರೆ ಗಿರಣಿ ಕಾಲುವೆಯ ತಂತ್ರ, ಅದರ ಸುತ್ತಲಿನ ಕಾನೂನು, ಜಗಳ, ಕೊನೆಗೆ ನಮ್ಮ ಶರಾವತಿಯ ಜಲವಿದ್ಯುತ್ ಯೋಜನೆಯ ನಕ್ಷೆ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ಹಳ್ಳವೊಂದು ಇಳಿಜಾರಿನಲ್ಲಿ ಹರಿಯುವಾಗ ಮಾರುಮಾರಿಗೂ ತನ್ನ ಎತ್ತರವನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಬಂಡೆಗೆ ಬಡಿದು ನೊರೆಯಾಗಿ, ಮಡುವಿನಲ್ಲಿ ಸುಳಿಯಾಗಿ, ಸದ್ದಾಗಿ ಆ ಶಕ್ತಿ ಚದುರಿಹೋಗುತ್ತದೆ. ಜಲಪಾತವಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಚಕ್ರ ತಿರುಗಿಸುವಷ್ಟು ಇಳಿತ ಯಾವ ಒಂದು ಜಾಗದಲ್ಲೂ ಸಿಗುವುದಿಲ್ಲ. ಗಿರಣಿ ಕಟ್ಟುವವನು ಆಗ ಮಾಡುವ ಕೆಲಸವೇನೆಂದರೆ, ಮೇಲುಗಡೆ ಎಲ್ಲೋ ಹಳ್ಳಕ್ಕೆ ಅಡ್ಡ ಕಟ್ಟ ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾನೆ. ಅಲ್ಲಿಂದ ಅದನ್ನು ಗುಡ್ಡದ ಮೈಗೆ ಆನಿಸಿಕೊಂಡು ಸಮಮಟ್ಟಕ್ಕೆ ಹತ್ತಿರವಾಗಿ ನಡೆಸುತ್ತಾನೆ. ಹಳ್ಳ ಇಳಿಯುತ್ತ ಹೋಗುತ್ತದೆ, ಕಾಲುವೆ ಮೇಲೇ ಉಳಿಯುತ್ತದೆ. ಹೆಜ್ಜೆ ಹೋದಂತೆ ಎರಡರ ನಡುವಿನ ಅಂತರ ಬೆಳೆಯುತ್ತದೆ. ಚಿಲ್ಲರೆಯಾಗಿ ಸೋರಿಹೋಗುತ್ತಿದ್ದ ದುಡ್ಡನ್ನು ಗಂಟುಕಟ್ಟಿ ಇಟ್ಟು ಒಂದೇ ಕಡೆ ಖರ್ಚು ಮಾಡಿದ ಹಾಗೆ, ಅಂತರ ಸಾಕಷ್ಟಾದ ಜಾಗದಲ್ಲಿ ಚಕ್ರ ನಿಲ್ಲಿಸಿ ನೀರನ್ನು ಒಮ್ಮೆಲೇ ಕೆಳಗಿಳಿಸುತ್ತಾನೆ.

ಅಂಕಿಯಲ್ಲಿ ನೋಡೋಣ. ಹಳ್ಳವೊಂದು 80 ಮೀಟರ್ ಹರಿದರೆ 1 ಮೀಟರ್ ಇಳಿಯುತ್ತದೆ ಎಂದುಕೊಳ್ಳಿ. 400 ಮೀಟರಿಗೆ 5 ಮೀಟರ್ ಇಳಿತವಾಯಿತು. ಅದರ ಪಕ್ಕದಲ್ಲೇ 800 ಮೀಟರಿಗೆ 1 ಮೀಟರ್ ಇಳಿಯುವಂತೆ ಕಾಲುವೆ ತೋಡಿದರೆ ಅದೇ 400 ಮೀಟರ್ ದೂರದಲ್ಲಿ ಅದು ಕಳೆದುಕೊಳ್ಳುವುದು ಅರ್ಧ ಮೀಟರ್ ಮಾತ್ರ. ಉಳಿದ ನಾಲ್ಕೂವರೆ ಮೀಟರ್ ಗಿರಣಿಯವನ ಪಾಲು. ಸೆಕೆಂಡಿಗೆ 100 ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ ಸಿಗುವ ಶಕ್ತಿ ಸುಮಾರು 4.4 ಕಿಲೋವ್ಯಾಟ್. ಒಳ್ಳೆಯ ಮರದ ಚಕ್ರ ಅದರಲ್ಲಿ ಮೂರರಲ್ಲಿ ಎರಡು ಪಾಲು ಹಿಡಿದರೂ 2.9 ಕಿಲೋವ್ಯಾಟ್, ಅಂದರೆ ಸುಮಾರು 4 ಅಶ್ವಶಕ್ತಿ. ದಿನವಿಡೀ ದುಡಿಯುವ ಗಟ್ಟಿಮುಟ್ಟಾದ ಆಳು ಸರಾಸರಿ 75 ವ್ಯಾಟ್ ಕೊಡಬಲ್ಲ. ಹಾಗಾಗಿ ಈ ಪುಟ್ಟ ಕಾಲುವೆ ಸುಮಾರು 40 ಆಳುಗಳ ಸಮ, ಅದೂ ರಾತ್ರಿ ಹಗಲೆನ್ನದೆ. ಬೆಳಗಿನ ಜಾವ ಎದ್ದು ರಾಗಿಕಲ್ಲು ತಿರುವಿದ ಹೆಂಗಸರ ರಟ್ಟೆಗೆ ಈ ಅಂಕಿಯ ಅರ್ಥ ಯಾರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ 1086ರಲ್ಲಿ ದೊರೆಯ ಆಜ್ಞೆಯಂತೆ ನಡೆದ ಡೂಮ್ಸ್‌ಡೇ ಆಸ್ತಿ ಗಣತಿಯಲ್ಲಿ ಸುಮಾರು 6,000 ಗಿರಣಿಗಳು ದಾಖಲಾಗಿದ್ದವು ಎಂದರೆ ಆಶ್ಚರ್ಯವಿಲ್ಲ.

ಕಾಲುವೆಗೆ ಎಷ್ಟು ಇಳಿಜಾರು ಕೊಡಬೇಕೆಂಬುದೇ ಇಡೀ ಕೆಲಸದ ಸೂಕ್ಷ್ಮ. ಜಾಸ್ತಿ ಕೊಟ್ಟರೆ ಗಳಿಸಿದ ಎತ್ತರ ದಾರಿಯಲ್ಲೇ ಪೋಲು. ಜೊತೆಗೆ ರಭಸಕ್ಕೆ ಮಣ್ಣಿನ ದಂಡೆ ಕೊರೆದುಹೋಗುತ್ತದೆ. ಕಡಿಮೆ ಕೊಟ್ಟರೆ ನೀರು ಸೋಮಾರಿಯಾಗಿ ನಿಂತು ಹೂಳು ಕೂರುತ್ತದೆ, ಜೊಂಡು ಬೆಳೆಯುತ್ತದೆ, ಬೇಕಾದಷ್ಟು ನೀರು ಸಾಗಲು ಕಾಲುವೆಯನ್ನು ಅಗಲ ಮಾಡಬೇಕಾಗುತ್ತದೆ. ಸಾಮಾನ್ಯ ಮಣ್ಣಿನ ಕಾಲುವೆಯಲ್ಲಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನ ವೇಗ ಹಿತವಾದದ್ದು. ಇಷ್ಟು ನಾಜೂಕಿನ ಇಳಿಜಾರನ್ನು ಅಂದಿನವರು ಉಪಕರಣಗಳಿಲ್ಲದೆ ಸಾಧಿಸಲಿಲ್ಲ. ರೋಮನ್ನರ ಬಳಿ ಸುಮಾರು 20 ಅಡಿ ಉದ್ದದ, ಬೆಂಚಿನಂಥ ಮಟ್ಟಪಲಗೆ ಇತ್ತು. ಅದರ ಕಾಲುಗಳಿಗೆ ತೂಗುಗುಂಡು ಇಳಿಬಿಟ್ಟು, ಗಾಳಿ ಬೀಸಿ ಗುಂಡು ಅಲ್ಲಾಡುವ ದಿನ ಪಲಗೆಯ ಮೇಲೆ ಉದ್ದಕ್ಕೆ ಕೊರೆದ ಗೀರಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುತ್ತಿದ್ದರು. ಹಳ್ಳಿಗಾಡಿನಲ್ಲಿ ಅದೂ ಬೇಕಿರಲಿಲ್ಲ. ಸ್ವಲ್ಪ ತೋಡಿ, ನೀರು ಬಿಟ್ಟು, ಅದು ಎತ್ತ ಹೋಗುತ್ತದೆಂದು ನೋಡಿ ಮುಂದೆ ತೋಡುವುದು. ಮಲೆನಾಡಿನ ತೋಟಗಳಿಗೆ ಗುಡ್ಡದ ಹಳ್ಳದಿಂದ ನೀರು ತಂದವರು ಮಾಡಿದ್ದೂ ಇದನ್ನೇ.

ಕಾಲುವೆಯ ಉದ್ದಕ್ಕೂ ನಡೆದುಹೋದರೆ ಕಾಣುವುದು ಬಹಳಷ್ಟು ನಮಗೆ ಪರಿಚಿತವೇ. ಮೊದಲು ನದಿಗೆ ಅಡ್ಡಲಾಗಿ ಒಡ್ಡು. ಅದನ್ನು ನೇರವಾಗಿ ಕಟ್ಟದೆ ಓರೆಯಾಗಿ ಕಟ್ಟುವುದು ರೂಢಿ. ಪ್ರವಾಹದ ಹೊಡೆತ ಹಂಚಿಹೋಗುತ್ತದೆ, ನೀರು ತಾನಾಗಿ ಕಾಲುವೆಯ ಬಾಯಿಯ ಕಡೆಗೆ ಜಾರುತ್ತದೆ. ಬಾಯಲ್ಲಿ ಎತ್ತಿ ಇಳಿಸುವ ಹಲಗೆಯ ತೂಬು. ಮುಂದೆ ಒಂದೆರಡು ಕಡೆ ಕೋಡಿ. ಮಳೆ ಬಂದು ಕಾಲುವೆ ಉಕ್ಕಿದರೆ ದಂಡೆ ಒಡೆಯುವ ಮೊದಲು ಹೆಚ್ಚಿನ ನೀರು ಅಲ್ಲಿಂದ ಹಳ್ಳಕ್ಕೆ ಇಳಿಯಬೇಕು. ಸೋರುವ ನೆಲವಿದ್ದರೆ ಜೇಡಿಮಣ್ಣನ್ನು ತುಳಿದು ತುಳಿದು ಹದಮಾಡಿ ಮೆತ್ತುತ್ತಿದ್ದರು. ಗಿರಣಿ ಹತ್ತಿರ ಬರುವಾಗ ಕೆರೆಯಂಥ ಸಣ್ಣ ಕೊಳ. ರಾತ್ರಿಯ ನೀರು ಅಲ್ಲಿ ತುಂಬಿಕೊಂಡರೆ ಹಗಲು ಎರಡು ಪಟ್ಟು ಹರಿಸಬಹುದು. ಆಮೇಲೆ ಎಲೆ, ಕೊಂಬೆ ತಡೆಯುವ ಸರಳಿನ ಜಾಲರಿ, ಮರದ ದೋಣಿ, ಚಕ್ರ.

ಬಹಳ ಜನ ಮರೆಯುವ ಭಾಗ ಚಕ್ರದ ಆಚೆಗಿದೆ. ಕೆಲಸ ಮುಗಿಸಿದ ನೀರು ಚಕ್ರದ ಕೆಳಗಿನ ಗುಂಡಿಯಿಂದ ಕೂಡಲೇ ಹೊರಟುಹೋಗಬೇಕು. ಅದಕ್ಕೆ ಇನ್ನೊಂದು ಕಾಲುವೆ ಬೇಕು, ನದಿಯ ತಗ್ಗಿನವರೆಗೆ. ಈ ಹೊರಗಾಲುವೆ ಹೂಳು ತುಂಬಿದರೆ ಅಥವಾ ನದಿ ಏರಿ ನೀರು ಹಿಂದಕ್ಕೆ ಒತ್ತಿದರೆ ಚಕ್ರದ ಅಂಚು ನಿಂತ ನೀರಿನಲ್ಲಿ ಮುಳುಗಿ ಅದನ್ನೇ ಕಲಕುತ್ತ ಕೂರುತ್ತದೆ. ಮೇಲೆ ಬೇಕಾದಷ್ಟು ನೀರಿದ್ದರೂ ಪ್ರಯೋಜನವಿಲ್ಲ. ಹೀಗಾಗಿ ಗಿರಣಿಯವನಿಗೆ ಬರಗಾಲದಷ್ಟೇ ಭಯ ನೆರೆಯದು. ಕೆಳಗಿನ ಗಿರಣಿಯವನು ತನ್ನ ಒಡ್ಡನ್ನು ಒಂದು ಅಡಿ ಎತ್ತರಿಸಿದರೆ ಮೇಲಿನವನ ಹೊರಗಾಲುವೆಯಲ್ಲಿ ನೀರು ನಿಲ್ಲುತ್ತದೆ. ಒಂದು ಹನಿ ನೀರನ್ನೂ ಕದಿಯದೆ ಅವನು ಪಕ್ಕದವನ ಎತ್ತರವನ್ನು ಕದ್ದ ಹಾಗಾಯಿತು. ಇಂಗ್ಲೆಂಡ್, ಅಮೆರಿಕಗಳ ಕೋರ್ಟು ಕಡತಗಳಲ್ಲಿ ಇಂಥ ವ್ಯಾಜ್ಯಗಳು ರಾಶಿ ರಾಶಿ ಇವೆ. ಮ್ಯಾಸಚೂಸೆಟ್ಸ್ ವಸಾಹತು 1714ರಲ್ಲಿ ಒಂದು ಕಾಯ್ದೆಯನ್ನೇ ತಂದು, ಗಿರಣಿಯ ಒಡ್ಡಿನಿಂದ ಪಕ್ಕದವರ ಜಮೀನು ಮುಳುಗಿದರೆ ಪರಿಹಾರ ಕೊಟ್ಟು ಮುಂದುವರಿಯಬಹುದು ಎಂದಿತು. ಮುಳುಗಡೆ ಮತ್ತು ಪರಿಹಾರ ಎಂಬ ಜೋಡಿ ಎಷ್ಟು ಹಳೆಯದೆಂದು ಇದನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ನಾಡು ನಮ್ಮದು.

ನೀರನ್ನು ಚಕ್ರಕ್ಕೆ ಎಲ್ಲಿ ಮುಟ್ಟಿಸಬೇಕು ಎಂಬುದು ಶತಮಾನಗಳ ಕಾಲ ಅಭ್ಯಾಸದ ಮಾತಾಗಿತ್ತು. ಕೆಲವರು ಹರಿವಿನಲ್ಲೇ ಚಕ್ರದ ಬುಡ ಅದ್ದಿ ನೀರಿನ ತಳ್ಳುವಿಕೆಯಿಂದ ತಿರುಗಿಸುತ್ತಿದ್ದರು, ಕೆಲವರು ಚಕ್ರದ ನೆತ್ತಿಯ ಮೇಲೆ ಸುರಿದು ತೊಟ್ಟಿಗಳಲ್ಲಿ ತುಂಬಿದ ನೀರಿನ ಭಾರದಿಂದ. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1750ರ ದಶಕದ ಆರಂಭದಲ್ಲಿ ಸಣ್ಣ ಮಾದರಿ ಚಕ್ರ ಮಾಡಿ, ಹಗ್ಗಕ್ಕೆ ತೂಕ ಕಟ್ಟಿ ಎತ್ತಿಸಿ ಎರಡನ್ನೂ ಅಳೆದರು. 1759ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಫಲಿತಾಂಶ ಸ್ಪಷ್ಟವಾಗಿತ್ತು: ಬುಡದಲ್ಲಿ ತಳ್ಳಿಸಿಕೊಳ್ಳುವ ಚಕ್ರ ನೀರಿನ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನೂ ಹಿಡಿಯುವುದಿಲ್ಲ, ನೆತ್ತಿಯಿಂದ ಸುರಿಸಿಕೊಳ್ಳುವುದು ಅದರ ಎರಡರಷ್ಟು ಹಿಡಿಯುತ್ತದೆ. ಒಂದೇ ನೀರು, ಒಂದೇ ಇಳಿತ, ಕೆಲಸ ಇಮ್ಮಡಿ. ನೆತ್ತಿಯ ಮೇಲೆ ಸುರಿಯಬೇಕಾದರೆ ನೀರು ಚಕ್ರಕ್ಕಿಂತ ಎತ್ತರದಲ್ಲಿ ಬರಬೇಕು; ಸಮತಟ್ಟಾದ ಹಳ್ಳದಲ್ಲಿ ಅದು ಉದ್ದದ ಕಾಲುವೆ ಇಲ್ಲದೆ ಆಗದು. ಕಾಲುವೆಯ ಬೆಲೆ ಏನೆಂಬುದಕ್ಕೆ ಹೀಗೆ ಮೊದಲ ಸಲ ಅಂಕಿಯ ಆಧಾರ ಸಿಕ್ಕಿತು.

ಗಿರಣಿ ಖರ್ಚು ಮಾಡುವುದು ಎತ್ತರವನ್ನು ಎಂಬ ಮಾತಿಗೆ ಬಹಳ ಹಳೆಯ, ಬಹಳ ಸುಂದರವಾದ ಸಾಕ್ಷಿ ದಕ್ಷಿಣ ಫ್ರಾನ್ಸಿನ ಆರ್ಲ್ ನಗರದ ಸಮೀಪದ ಬಾರ್ಬೆಗಾಲ್‌ನಲ್ಲಿದೆ. ರೋಮನ್ನರು ಎರಡನೆಯ ಶತಮಾನದಲ್ಲಿ ಅಲ್ಲಿ ಗುಡ್ಡದ ನೆತ್ತಿಗೆ ಕಾಲುವೆ ತಂದು, ಇಳಿಜಾರಿನಲ್ಲಿ ಎಂಟೆಂಟರ ಎರಡು ಸಾಲಾಗಿ 16 ಚಕ್ರಗಳನ್ನು ಮೆಟ್ಟಿಲುಮೆಟ್ಟಿಲಾಗಿ ಕೂರಿಸಿದರು. ಮೊದಲ ಚಕ್ರ ತಿರುಗಿಸಿದ ನೀರೇ ಎರಡನೆಯದಕ್ಕೆ, ಅದರಿಂದ ಮೂರನೆಯದಕ್ಕೆ, ಹೀಗೆ ಎಂಟು ಸಲ ಕೆಲಸ. ಮರದ ಚಕ್ರಗಳು ಎಂದೋ ಕೊಳೆತುಹೋಗಿವೆ. ಆದರೆ ಆ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿತ್ತು, ಅದು ಹಲಗೆಗಳ ಮೇಲೆ ವರ್ಷವರ್ಷವೂ ಪದರ ಕಟ್ಟಿತ್ತು. ಹಲಗೆ ಹೋಗಿ ಸುಣ್ಣದ ಅಚ್ಚು ಉಳಿಯಿತು. ಮ್ಯೂಸಿಯಂನಲ್ಲಿದ್ದ ಆ ಚೂರುಗಳ ಪದರಗಳನ್ನು ಓದಿ 2018ರಲ್ಲಿ ಸಂಶೋಧಕರು ಹೇಳಿದ್ದು, ಈ ಗಿರಣಿಗಳು ವರ್ಷದಲ್ಲಿ ಕೆಲವು ತಿಂಗಳು ನಿಯಮಿತವಾಗಿ ನಿಲ್ಲುತ್ತಿದ್ದವು. ಊರಿಗೆ ದಿನನಿತ್ಯದ ರೊಟ್ಟಿಯ ಹಿಟ್ಟು ಬೀಸುವ ಗಿರಣಿ ಹಾಗೆ ನಿಲ್ಲಲಾರದು. ಹಡಗಿನವರು ಒಯ್ಯುವ, ಬಹುಕಾಲ ಕೆಡದ ಗಟ್ಟಿ ರೊಟ್ಟಿಗಾಗಿ ಇಲ್ಲಿ ಹಿಟ್ಟು ಬೀಸುತ್ತಿದ್ದಿರಬಹುದು ಎಂಬುದು ಅವರ ಊಹೆ. ಕೊಡದ ತಳಕ್ಕೆ ಹತ್ತುವ ಗಡಸು ನೀರಿನ ಕರೆಯಂಥದ್ದೇ ಒಂದು ಪದರ ಎರಡು ಸಾವಿರ ವರ್ಷದ ಹಿಂದಿನ ಕೆಲಸದ ವೇಳಾಪಟ್ಟಿಯನ್ನು ಉಳಿಸಿಕೊಂಡಿರುವುದು ನನ್ನನ್ನು ಬೆರಗುಗೊಳಿಸುತ್ತದೆ.

ಇನ್ನು ಕಾಲುವೆ ಕೈಕೊಟ್ಟ ಕತೆ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನ ಕ್ರಾಮ್‌ಫರ್ಡ್ ಹಳ್ಳಿಯಲ್ಲಿ ನೀರಿನಿಂದ ನಡೆಯುವ ಹತ್ತಿ ನೂಲಿನ ಗಿರಣಿ ಆರಂಭಿಸಿದರು. ಇಂದಿನ ಕಾರ್ಖಾನೆ ವ್ಯವಸ್ಥೆಯ ಮೊಳಕೆಯೆಂದು ಅದನ್ನು ಗುರುತಿಸುತ್ತಾರೆ. 2001ರಲ್ಲಿ ಆ ಇಡೀ ಕಣಿವೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಎರಡು ಕಡೆಯಿಂದ ನೀರು ಬರುತ್ತಿತ್ತು. ಒಂದು ಬಾನ್ಸಲ್ ಎಂಬ ತೊರೆ. ಇನ್ನೊಂದು ಹತ್ತಿರದ ಸೀಸದ ಗಣಿಗಳ ನೀರನ್ನು ಹೊರಹಾಕಲು ಗುಡ್ಡದೊಳಗೆ ಕೊರೆದಿದ್ದ ಸುರಂಗ. ಗಣಿಯವರಿಗೆ ಬೇಡವಾದ ಆ ನೀರು ಗಿರಣಿಗೆ ವರವಾಗಿತ್ತು, ಏಕೆಂದರೆ ಭೂಮಿಯ ಒಳಗಿನಿಂದ ಬರುವ ನೀರು ತುಸು ಬೆಚ್ಚಗಿದ್ದು ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಆದರೆ ಗಣಿಗಳು ಆಳಕ್ಕೆ ಹೋದಂತೆ ಇನ್ನೂ ತಗ್ಗಿನಲ್ಲಿ ಹೊಸ ಸುರಂಗ ಬಂತು, ಹಳೆಯದರ ನೀರು ಅತ್ತ ಇಳಿಯತೊಡಗಿತು. ಆರ್ಕ್‌ರೈಟ್ ವಂಶದವರು ಕೋರ್ಟಿಗೆ ಹೋದರು. 1839ರಲ್ಲಿ ತೀರ್ಪು ಬಂತು: ಇದು ಸಹಜ ತೊರೆಯಲ್ಲ, ಗಣಿಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕೃತಕ ಹರಿವು, ಇಷ್ಟು ವರ್ಷ ಬಳಸಿದ್ದೇವೆಂಬ ಕಾರಣಕ್ಕೆ ಅದು ಮುಂದೆಯೂ ಹರಿಯುತ್ತಿರಲಿ ಎಂದು ಕೇಳುವ ಹಕ್ಕು ಗಿರಣಿಗೆ ಹುಟ್ಟುವುದಿಲ್ಲ. ಆ ನೀರಿನೊಂದಿಗೆ ಕ್ರಾಮ್‌ಫರ್ಡ್‌ನ ನೂಲಿನ ಭಾಗ್ಯವೂ ಇಳಿದುಹೋಯಿತು.

ಒಂದು ಇಡೀ ನಗರವನ್ನೇ ಗಿರಣಿ ಕಾಲುವೆಯ ಮೇಲೆ ಕಟ್ಟಿದ್ದನ್ನು ನೋಡಬೇಕಾದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್‌ಗೆ ಹೋಗಬೇಕು. ಅಲ್ಲಿ ಮೆರಿಮ್ಯಾಕ್ ನದಿ ಪಾಟಕೆಟ್ ಎಂಬಲ್ಲಿ ಸುಮಾರು 30 ಅಡಿ ಇಳಿಯುತ್ತದೆ. ಬಂಡೆಗಳ ನಡುವಿನ ಆ ಇಳಿತವನ್ನು ತಪ್ಪಿಸಿ ಮರದ ದಿಮ್ಮಿಗಳ ತೆಪ್ಪ ಸಾಗಿಸಲು 1796ರಲ್ಲೇ ಒಂದು ಕಾಲುವೆ ತೋಡಿದ್ದರು. ಸಾಗಾಟದ ವ್ಯವಹಾರ ಸೊರಗಿತು. 1821ರ ಹೊತ್ತಿಗೆ ಬಾಸ್ಟನ್ನಿನ ಬಂಡವಾಳಗಾರರ ಕಣ್ಣು ಅದರ ಮೇಲೆ ಬಿತ್ತು. ತೆಪ್ಪದವರಿಗೆ ತೊಡಕಾಗಿದ್ದ 30 ಅಡಿಯೇ ಅವರಿಗೆ ಆಸ್ತಿಯಾಗಿ ಕಂಡಿತು. ಕಾಲುವೆ ಕೊಂಡರು, ಅಗಲ ಮಾಡಿದರು, ಐರಿಷ್ ಕೂಲಿಗಳಿಂದ ಕವಲು ಕವಲಾಗಿ ತೋಡಿಸಿದರು. 1823ರಲ್ಲಿ ಮೊದಲ ಗಿರಣಿಯ ಚಕ್ರ ತಿರುಗಿತು. 1848ರಲ್ಲಿ ಉತ್ತರ ಕಾಲುವೆ ಮುಗಿಯುವ ಹೊತ್ತಿಗೆ ಊರೊಳಗೆ ಒಟ್ಟು 9 ಕಿಲೋಮೀಟರ್ ಕಾಲುವೆಗಳಿದ್ದವು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು; ಅವರ ಕೈಗೆ ಬರುತ್ತಿದ್ದ ಹತ್ತಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದದ್ದು. ನೀರಿನ ಶಕ್ತಿ ಶುದ್ಧವೆಂದು ಹೊಗಳುವಾಗ ಇದನ್ನು ಬಿಟ್ಟು ಹೇಳಬಾರದು.

ಲೋವೆಲ್‌ನ ಜಾಣ್ಮೆ ಇರುವುದು ಎರಡು ಮಟ್ಟಗಳಲ್ಲಿ. ಕೆಲವು ಗಿರಣಿಗಳಿಗೆ ಪೂರ್ತಿ 30 ಅಡಿಯನ್ನೇ ಕೊಟ್ಟರು. ಉಳಿದ ಕಡೆ ನೀರು ಮೇಲಿನ ಕಾಲುವೆಯಿಂದ ಒಂದು ಸಾಲು ಗಿರಣಿಗಳ ಮೂಲಕ 13 ಅಡಿ ಇಳಿದು ಕೆಳಗಿನ ಕಾಲುವೆ ಸೇರುತ್ತದೆ. ಅಲ್ಲಿಂದ ಇನ್ನೊಂದು ಸಾಲು ಗಿರಣಿಗಳ ಮೂಲಕ 17 ಅಡಿ ಇಳಿದು ನದಿಗೆ. ಮೇಲಿನವರ ಹೊರಗಾಲುವೆಯೇ ಕೆಳಗಿನವರ ತಲೆಗಾಲುವೆ.

ಗಿರಣಿಗಳೆಲ್ಲ ಬೇರೆಬೇರೆ ಕಂಪನಿಗಳವು, ಕಾಲುವೆ ಮಾತ್ರ ಒಂದೇ ಸಂಸ್ಥೆಯದು. ಹಾಗಾದರೆ ಮಾರುವುದು ಏನನ್ನು, ಅಳೆಯುವುದು ಹೇಗೆ? 3,584 ನೂಲುಕದಿರುಗಳ ಒಂದು ಗಿರಣಿ, ಅದರ ಮಗ್ಗಗಳ ಸಮೇತ, ನಡೆಯಲು ಎಷ್ಟು ಬೇಕೋ ಅಷ್ಟು ಶಕ್ತಿಯನ್ನು ಒಂದು 'ಮಿಲ್ ಪವರ್' ಎಂದು ಗೊತ್ತುಮಾಡಿ, ಅದನ್ನು ಗುತ್ತಿಗೆಗೆ ಕೊಟ್ಟರು. 30 ಅಡಿ ಇಳಿತ ಇರುವ ಗಿರಣಿಗೆ ಒಂದು ಮಿಲ್ ಪವರ್ ಎಂದರೆ ಸೆಕೆಂಡಿಗೆ 25 ಘನ ಅಡಿ ನೀರು, ಅಂದರೆ ಸುಮಾರು 700 ಲೀಟರ್. 17 ಅಡಿ ಮಾತ್ರ ಸಿಗುವವನಿಗೆ ಅದೇ ಒಂದು ಮಿಲ್ ಪವರಿಗೆ ಸುಮಾರು 45 ಘನ ಅಡಿ, 13 ಅಡಿಯವನಿಗೆ ಸುಮಾರು 60. ಎತ್ತರ ಕಡಿಮೆಯಾದಷ್ಟೂ ನೀರು ಹೆಚ್ಚು. ನೀರಿನ ಒಪ್ಪಂದವೊಂದು ನೀರನ್ನು ಎತ್ತರದ ತಕ್ಕಡಿಯಲ್ಲಿ ತೂಗಿದ್ದು ಇಷ್ಟು ಬಿಚ್ಚಿ ಕಾಣುವ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ.

ಆದರೆ ಕಾಗದದ ಮೇಲೆ 25 ಎಂದು ಬರೆದರೆ ಆಗಲಿಲ್ಲ, ಗಿರಣಿ ನಿಜಕ್ಕೂ ಎಷ್ಟು ಎಳೆಯುತ್ತಿದೆ ಎಂದು ಗೊತ್ತಾಗಬೇಕು. ಆ ಕೆಲಸಕ್ಕೆ ಜೀವನವನ್ನೇ ಮುಡಿಪಿಟ್ಟವರು ಜೇಮ್ಸ್ ಬಿ. ಫ್ರಾನ್ಸಿಸ್. ಇಂಗ್ಲೆಂಡಿನಲ್ಲಿ 1815ರಲ್ಲಿ ಹುಟ್ಟಿ, 18ನೇ ವಯಸ್ಸಿಗೆ ಅಮೆರಿಕಕ್ಕೆ ಬಂದು, 1837ರಲ್ಲಿ ಕಾಲುವೆ ಸಂಸ್ಥೆಯ ಮುಖ್ಯ ಎಂಜಿನಿಯರ್ ಆದವರು. ಅವರು ಅಳೆದ ರೀತಿ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಕಾಲುವೆಯ ಒಂದು ಭಾಗಕ್ಕೆ ನಯವಾದ ಹಲಗೆ ಹೊದಿಸಿ, ಅಗಲ ಆಳ ಎಲ್ಲ ಕಡೆ ಒಂದೇ ಇರುವಂತೆ ಮಾಡಿದರು. ತಳದಲ್ಲಿ ತೂಕ ತುಂಬಿದ ತಗಡಿನ ಕೊಳವೆಗಳನ್ನು ತಯಾರಿಸಿದರು. ನೀರಿಗೆ ಬಿಟ್ಟರೆ ಅವು ಮಲಗದೆ ನೆಟ್ಟಗೆ ನಿಂತು, ತಳದವರೆಗೂ ಚಾಚಿಕೊಂಡು ತೇಲುತ್ತಿದ್ದವು. ಬೆಂಡು ಬಿಟ್ಟರೆ ಮೇಲ್ಮೈಯ ವೇಗ ಮಾತ್ರ ತಿಳಿಯುತ್ತದೆ, ತಳದ ನೀರು ನಿಧಾನವಾಗಿ ಹರಿಯುವುದು ಲೆಕ್ಕಕ್ಕೆ ಬರುವುದಿಲ್ಲ. ನಿಂತು ತೇಲುವ ಕೊಳವೆ ಇಡೀ ಆಳದ ಸರಾಸರಿ ವೇಗ ಕೊಡುತ್ತದೆ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಅದು ಮುಟ್ಟುವ ಸಮಯವನ್ನು ಗಡಿಯಾರ ಹಿಡಿದು ಬರೆದುಕೊಳ್ಳುವುದು, ಕಾಲುವೆಯ ಅಗಲದುದ್ದಕ್ಕೂ ಮತ್ತೆ ಮತ್ತೆ ಬಿಡುವುದು. ಒಡ್ಡಿನ ಮೇಲೆ ಹರಿಯುವ ನೀರಿನ ದಪ್ಪ ನೋಡಿ ಪ್ರಮಾಣ ಲೆಕ್ಕ ಹಾಕುವ ಅವರ ಸೂತ್ರವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಹನಿಹನಿಗೂ ಬೆಲೆ ಬಂದಮೇಲೆ ಚಕ್ರದ ನಷ್ಟ ಕಣ್ಣಿಗೆ ಚುಚ್ಚತೊಡಗಿತು. ವಸಂತದಲ್ಲಿ ಹಿಮ ಕರಗಿ ನದಿ ಏರಿದಾಗ ದೊಡ್ಡ ದೊಡ್ಡ ಮರದ ಚಕ್ರಗಳು ಹಿನ್ನೀರಿನಲ್ಲಿ ಮುಳುಗಿ ನಿಲ್ಲುತ್ತಿದ್ದವು. 1844ರಲ್ಲಿ ಎಂಜಿನಿಯರ್ ಯುರೈಯಾ ಬಾಯ್ಡನ್ ಲೋವೆಲ್‌ನ ಗಿರಣಿಯೊಂದರಲ್ಲಿ ಟರ್ಬೈನ್ ಕೂರಿಸಿದರು. ನೀರಿನೊಳಗೆ ಮುಳುಗಿಯೇ ತಿರುಗುವ ಯಂತ್ರಕ್ಕೆ ಹಿನ್ನೀರಿನ ಕಾಟ ಕಡಿಮೆ. ಫ್ರಾನ್ಸಿಸ್ ಅದನ್ನು ಪರೀಕ್ಷಿಸಿದರು, ಅಳೆದರು, ನೀರು ಹೊರಗಿನಿಂದ ಒಳಮುಖವಾಗಿ ಹರಿಯುವ ತಮ್ಮದೇ ವಿನ್ಯಾಸ ಮಾಡಿದರು. ಇಂದು ಲೋಕದ ಜಲವಿದ್ಯುತ್ ಸ್ಥಾವರಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಆ ಹೆಸರಿನ ಟರ್ಬೈನ್. ನಮ್ಮ ಕಾಳಿ ನದಿಯ ನಾಗಝರಿ ವಿದ್ಯುದಾಗಾರದಲ್ಲಿರುವವೂ ಫ್ರಾನ್ಸಿಸ್ ಟರ್ಬೈನ್‌ಗಳೇ. ಬಟ್ಟೆ ಗಿರಣಿಗಳಿಗೆ ನೀರು ಹಂಚುವ ಜಗಳದಲ್ಲಿ ಹುಟ್ಟಿದ ಯಂತ್ರ ಉತ್ತರ ಕನ್ನಡದ ಕಾಡಿನವರೆಗೆ ಬಂದಿದೆ.

ಫ್ರಾನ್ಸಿಸ್ ಅವರ ಇನ್ನೊಂದು ಕೆಲಸವನ್ನು ಊರಿನವರು ಆಗ ಹುಚ್ಚಾಟ ಎಂದಿದ್ದರು. ಹಳೆಯ ನೆರೆಗಳ ಎತ್ತರವನ್ನು ಕೆದಕಿ ನೋಡಿದ ಅವರಿಗೆ, ಅಂಥದ್ದೇ ನೆರೆ ಮತ್ತೆ ಬಂದರೆ ಕಾಲುವೆಯ ಬಾಯಿಯಿಂದಲೇ ನದಿ ಊರೊಳಗೆ ನುಗ್ಗುತ್ತದೆ ಎಂಬುದು ಖಚಿತವಾಗಿತ್ತು. ಗಿರಣಿಗೆ ನೀರು ತರುವ ದಾರಿಯೇ ನೆರೆಗೂ ದಾರಿ. 1850ರಲ್ಲಿ ಕಾಲುವೆಗೆ ಅಡ್ಡವಾಗಿ ಸುಮಾರು 25 ಅಡಿ ಎತ್ತರದ ಭಾರಿ ಮರದ ಬಾಗಿಲನ್ನು ಮಾಡಿಸಿ ಕಬ್ಬಿಣದ ಪಟ್ಟಿಯಿಂದ ಮೇಲೆ ತೂಗುಹಾಕಿದರು. ಎರಡೇ ವರ್ಷಕ್ಕೆ, 1852ರ ಏಪ್ರಿಲ್‌ನಲ್ಲಿ, ಮೆರಿಮ್ಯಾಕ್ ಉಕ್ಕಿ ಬಂತು. ಪಟ್ಟಿಯನ್ನು ಕಡಿದು ಬಾಗಿಲು ಬೀಳಿಸಿದರು, ಊರು ಉಳಿಯಿತು. 1936ರ ಮಹಾ ನೆರೆಯಲ್ಲೂ ಅದೇ ಬಾಗಿಲು ಮತ್ತೆ ಬಿತ್ತು.

ಬೇಸಿಗೆಯಲ್ಲಿ ನದಿ ಸೊರಗುವುದಕ್ಕೆ ಮಾತ್ರ ಇಂಥ ಬಾಗಿಲಿಲ್ಲ. ರಾತ್ರಿ ಗಿರಣಿ ನಿಂತಾಗ ನದಿಯನ್ನೇ ಒಡ್ಡಿನ ಹಿಂದೆ ತುಂಬಿಸಿಟ್ಟರು, ಒಡ್ಡಿನ ಮೇಲೆ ಹಲಗೆ ನಿಲ್ಲಿಸಿ ಇನ್ನಷ್ಟು ಎತ್ತರಿಸಿದರು. ಅದೂ ಸಾಲದೆ, ಲೋವೆಲ್ ಮತ್ತು ಕೆಳಗಿನ ಲಾರೆನ್ಸ್‌ನ ಕಂಪನಿಗಳು ಸೇರಿ ಪಕ್ಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವಿನಿಪೆಸಾಕಿ ಸರೋವರದ ನೀರಿನ ಮೇಲೆಯೇ ಹಿಡಿತ ಸಾಧಿಸಿದವು. ದೂರದ ಊರಿನ ಬಟ್ಟೆಗಾಗಿ ತಮ್ಮ ಸರೋವರ ಏರುವುದು ಇಳಿಯುವುದನ್ನು ಅಲ್ಲಿನ ರೈತರು, ಸಣ್ಣ ಗಿರಣಿಯವರು ಎಷ್ಟು ದಿನ ನೋಡಿಯಾರು? 1859ರಲ್ಲಿ ಒಂದು ಗುಂಪು ಲೇಕ್ ವಿಲೇಜ್‌ನ ಒಡ್ಡನ್ನು ಹಾರೆ ಕೊಡಲಿಗಳಿಂದ ಒಡೆಯಲು ಹೋಯಿತು. ಒಡ್ಡು ಮುರಿಯಲಿಲ್ಲ. ಆದರೆ ಅವರ ಸಿಟ್ಟು ನ್ಯಾಯವಾದದ್ದೆಂದೇ ನನಗನಿಸುತ್ತದೆ. ಕಾವೇರಿಯ ವಿಚಾರದಲ್ಲಿ ಮೇಲಿನವರು ಕೆಳಗಿನವರು ಎಂಬ ಮಾತು ಕೇಳುತ್ತ ಬೆಳೆದ ನಮಗೆ ಅದು ಅರ್ಥವಾಗದ ಸಿಟ್ಟಲ್ಲ.

ನಮ್ಮ ಸೀಮೆಯಲ್ಲಿ ಈ ಕಾಲುವೆಗಳ ಚರಿತ್ರೆ ತೆಳ್ಳಗಿದೆ. ನೀರು ಭತ್ತಕ್ಕೇ ಸಾಲದಿದ್ದ ಬಯಲಿನಲ್ಲಿ ಅದನ್ನು ಚಕ್ರಕ್ಕೆ ತಿರುಗಿಸುವ ಗೊಡವೆಗೆ ಹೆಚ್ಚು ಜನ ಹೋಗಲಿಲ್ಲ. ದಖ್ಖನ್ನಿನಲ್ಲಿ ಎದ್ದು ಕಾಣುವುದು ಔರಂಗಾಬಾದಿನ ಪನ್‌ಚಕ್ಕಿ. ನಗರದ ಉತ್ತರದ ಬೆಟ್ಟಗಳ ಕಡೆಯಿಂದ ಕಿಲೋಮೀಟರ್‌ಗಟ್ಟಲೆ ನೆಲದಡಿಯ ಕೊಳವೆಗಳಲ್ಲಿ ನೀರು ತಂದು, ಬಾಬಾ ಶಾ ಮುಸಾಫಿರ್ ದರ್ಗಾದ ಆವರಣದಲ್ಲಿ ಎತ್ತರದ ಗೋಡೆಯಿಂದ ಇಳಿಸಿ, ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಯಾತ್ರಿಕರಿಗಾಗಿ ಹಿಟ್ಟು ಬೀಸುತ್ತಿದ್ದರು. ಉತ್ತರಾಖಂಡದ ಬೆಟ್ಟಗಳಲ್ಲಿ ಘರಾಟ್ ಎಂಬ ನೀರಿನ ಹಿಟ್ಟಿನ ಗಿರಣಿಗಳು ಇಂದಿಗೂ ಅಲ್ಲಲ್ಲಿ ತಿರುಗುತ್ತವೆ. ಅವುಗಳಿಗೆ ನೀರು ತರುವ ಸಣ್ಣ ಕಾಲುವೆಗೆ ಗೂಲ್ ಎನ್ನುತ್ತಾರೆ. ಇಳಿಜಾರಾದ ಮರದ ದೋಣಿಯಿಂದ ನೀರು ರಭಸವಾಗಿ ಬಂದು ಅಡ್ಡಲಾಗಿ ಮಲಗಿದ ಚಕ್ರದ ರೆಕ್ಕೆಗಳಿಗೆ ಹೊಡೆಯುತ್ತದೆ. ಚಕ್ರದ ನಡುಗಂಬವೇ ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ, ನಡುವೆ ಹಲ್ಲುಚಕ್ರವಿಲ್ಲ. ಕಾಳಿನ ಬುಟ್ಟಿಗೆ ಕಟ್ಟಿದ ಕೋಲೊಂದು ತಿರುಗುವ ಕಲ್ಲಿನ ಒರಟು ಮೈಮೇಲೆ ಕುಣಿಯುತ್ತ ಬುಟ್ಟಿಯನ್ನು ಅಲುಗಿಸುತ್ತದೆ; ಕಲ್ಲು ವೇಗವಾಗಿ ತಿರುಗಿದರೆ ಹೆಚ್ಚು ಕಾಳು, ನಿಧಾನವಾದರೆ ಕಡಿಮೆ, ನಿಂತರೆ ಇಲ್ಲ. ಯಾರೂ ಕಾವಲು ಕೂರಬೇಕಿಲ್ಲ. ಬೀಸಿದ ಕೂಲಿ ಹಿಟ್ಟಿನಲ್ಲೇ ಒಂದು ಪಾಲು.

ಕರ್ನಾಟಕಕ್ಕೆ ಈ ವಿದ್ಯೆ ದೊಡ್ಡದಾಗಿ ಬಂದದ್ದು ನೂಲಿನ ಮೂಲಕ, ಘಟಪ್ರಭೆಯ ದಡಕ್ಕೆ. ಗೋಕಾಕ ಜಲಪಾತ 52 ಮೀಟರ್ ಧುಮುಕುತ್ತದೆ; 1880ರ ದಶಕದಲ್ಲಿ ಅದರ ನೆತ್ತಿಯ ಬಳಿ ನೂಲಿನ ಗಿರಣಿ ಕಟ್ಟಿ, ನೀರನ್ನು ಕೊಳವೆಯಲ್ಲಿ ಕಣಿವೆಗೆ ಇಳಿಸಿ ಟರ್ಬೈನ್ ತಿರುಗಿಸಿದರು. ಹದಿನೈದು ವರ್ಷದ ಆಚೆ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿಯ ನೀರು ಕಾಲುವೆಯಲ್ಲಿ ನಡೆದು ಕೊಳವೆಯಲ್ಲಿ ಇಳಿದಾಗ ಗಿರಣಿ ಪಕ್ಕದಲ್ಲಿ ಇರಬೇಕಾದ ಅಗತ್ಯವೇ ತಪ್ಪಿತು. ಶಕ್ತಿ ತಂತಿ ಹಿಡಿದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಶರಾವತಿಯಲ್ಲಂತೂ ಬಾರ್ಬೆಗಾಲಿನ ಮೆಟ್ಟಿಲು, ಲೋವೆಲ್‌ನ ಎರಡು ಮಟ್ಟ ಎರಡೂ ಮರುಕಳಿಸಿವೆ. ಲಿಂಗನಮಕ್ಕಿ ಅಣೆಕಟ್ಟೆಯ ಬುಡದಲ್ಲಿ 55 ಮೆಗಾವ್ಯಾಟ್ ಕೊಟ್ಟ ನೀರು ಕಾಲುವೆಯಲ್ಲಿ ತಳಕಳಲೆಗೆ ಹೋಗಿ, ಅಲ್ಲಿಂದ ಇಳಿದು 1,035 ಮೆಗಾವ್ಯಾಟ್ ಸ್ಥಾವರ ನಡೆಸಿ, ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ 240 ಮೆಗಾವ್ಯಾಟ್ ಸ್ಥಾವರ ತಿರುಗಿಸಿ ಸಮುದ್ರದ ದಾರಿ ಹಿಡಿಯುತ್ತದೆ.

ಎತ್ತರ ಮಾತ್ರ ಖರ್ಚು, ನೀರು ಹಾಗೇ ವಾಪಸ್ ಎಂಬ ಮಾತಿನಲ್ಲಿ ಒಂದು ಲೋಪವಿದೆ. ಒಡ್ಡಿನಿಂದ ಹೊರಗಾಲುವೆಯವರೆಗಿನ ನದಿಯ ತುಂಡಿಗೆ ನೀರು ವಾಪಸ್ ಬರುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಬಂಡೆ ಮಾತ್ರ. ಒಡ್ಡು ದಾಟಲಾರದ ಮೀನಿಗಂತೂ ನದಿ ಅಲ್ಲಿಗೇ ಮುಗಿಯಿತು. 1848ರಲ್ಲಿ ಲಾರೆನ್ಸ್‌ನ ಕಲ್ಲಿನ ಅಣೆಕಟ್ಟು ಎದ್ದಮೇಲೆ ಮೆರಿಮ್ಯಾಕ್‌ನ ಸಾಲ್ಮನ್ ಮೀನುಗಳಿಗೆ ಮೊಟ್ಟೆಯಿಡುವ ಜಾಗಕ್ಕೆ ಹೋಗುವ ದಾರಿ ಮುಚ್ಚಿತು. ಅದಕ್ಕೇ ಈಗ ಅಮೆರಿಕ, ಯುರೋಪುಗಳಲ್ಲಿ ಕೆಲಸ ಮುಗಿದ ಗಿರಣಿ ಒಡ್ಡುಗಳನ್ನು ಕೆಡವುತ್ತಿದ್ದಾರೆ. ಮೇನ್ ರಾಜ್ಯದ ಕೆನೆಬೆಕ್ ನದಿಗೆ 1837ರಲ್ಲಿ ಕಟ್ಟಿದ್ದ ಎಡ್ವರ್ಡ್ಸ್ ಅಣೆಕಟ್ಟನ್ನು 1999ರಲ್ಲಿ ಒಡೆದರು, ಸಮುದ್ರದ ಮೀನುಗಳು ಮತ್ತೆ ಮೇಲಕ್ಕೆ ಈಜಿ ಬಂದವು. ಪಶ್ಚಿಮಘಟ್ಟದ ಹೊಳೆಗಳ ಮೇಲೆ ಸಾಲುಸಾಲಾಗಿ ಕಿರು ಜಲವಿದ್ಯುತ್ ಯೋಜನೆಗಳಿಗೆ ಒಪ್ಪಿಗೆ ಕೊಡುವ ಮೊದಲು, ಒಡ್ಡಿನ ಕೆಳಗೆ ಬೇಸಿಗೆಯಲ್ಲಿ ಎಷ್ಟು ನೀರು ಬಿಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಬರೆಸಿಕೊಳ್ಳಲೇಬೇಕು. ಅದೇ ಶಕ್ತಿಗೆ ಈಗಾಗಲೇ ತೋಡಿದ ನೀರಾವರಿ ಕಾಲುವೆಗಳ ಇಳಿತಗಳಿವೆ. ಹೊಲಕ್ಕೆ ಹೋಗುವ ನೀರು ಅಲ್ಲಿ ಮೆಟ್ಟಿಲ ಮೇಲಿಂದ ಸುಮ್ಮನೆ ಧುಮುಕಿ ನೊರೆಯಾಗುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ ಶಾಖಾ ಕಾಲುವೆಯಲ್ಲಿ ಅಂಥ ಇಳಿತಗಳಿಗೆ ಟರ್ಬೈನ್ ಕೂರಿಸಿ ವಿದ್ಯುತ್ ತೆಗೆಯುತ್ತಿದ್ದಾರೆ. ಅಲ್ಲಿ ಹೊಸದಾಗಿ ಒಣಗುವ ನದಿಯಿಲ್ಲ.

ಗಿರಣಿ ಕಾಲುವೆಯನ್ನು ಅದರ ಹಳೆಯ ಅಳತೆಯಲ್ಲೇ ನೋಡಬೇಕೆಂದರೆ ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡದ ಘಟ್ಟದಂಚಿನ ತೋಟಗಳಿಗೆ ಹೋಗಬಹುದು. ಮನೆಯ ಹಿಂದಿನ ಗುಡ್ಡದ ಹಳ್ಳಕ್ಕೆ ಮಂಡಿ ಎತ್ತರದ ಕಟ್ಟ, ಅಲ್ಲಿಂದ ಕಾಲುವೆ ಇಲ್ಲವೇ ಪೈಪು, ಮೇಲೊಂದು ಸಣ್ಣ ತೊಟ್ಟಿ, ಅದರ ಬಾಯಿಗೆ ಎಲೆ ತಡೆಯುವ ಜಾಲರಿ, ಕೆಳಗೆ ಶೆಡ್ಡಿನಲ್ಲಿ ಒಂದು ಕಿಲೋವ್ಯಾಟಿನ ಆಸುಪಾಸಿನ ಟರ್ಬೈನ್. ಹೊರಬಂದ ನೀರು ಅಡಿಕೆ ತೋಟಕ್ಕೋ ಹಳ್ಳಕ್ಕೋ ಹೋಗುತ್ತದೆ. ಬೇಸಿಗೆಯಲ್ಲಿ ಹಳ್ಳ ಸೊರಗಿದಾಗ ಯಂತ್ರ ನಿಲ್ಲುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು, ತಂತಿಯ ಮೇಲೆ ಮರ ಬಿದ್ದು ಊರಿನ ಕರೆಂಟು ದಿನಗಟ್ಟಲೆ ಹೋಗುವ ಹೊತ್ತಿಗೆ ಹಳ್ಳ ತುಂಬಿರುತ್ತದೆ. ಜಾಲರಿಗೆ ಸಿಕ್ಕ ಎಲೆಗಳನ್ನು ದಿನಕ್ಕೊಮ್ಮೆ ಕೈಯಿಂದ ತೆಗೆಯುತ್ತಿದ್ದರೆ ಸಾಕು, ಮಳೆಗಾಲ ಮುಗಿಯುವವರೆಗೂ ಆ ಮನೆಯಲ್ಲಿ ದೀಪ ಉರಿಯುತ್ತದೆ.